ಟೈಲ್ಸ್ ನೆನೆ ಹಾಕಿದ್ದು

ಚಿಕಾಗೋ ಪಕ್ಕದ ಡೆಸ್ ಪ್ಲೇನ್ಸ್‌ನ ರಿಹ್ಯಾಬ್ ಸೆಂಟರಿನಲ್ಲಿ ಡಿಸ್ಚಾರ್ಜ್ ನೋಡಿಕೊಳ್ಳುವ ಹೆಂಗಸು ಫಾರ್ಮ್ ತುಂಬಿಸುತ್ತಾ ಒಂದೊಂದೇ ಪ್ರಶ್ನೆ ಕೇಳುತ್ತಿದ್ದಳು. ಮನೆಯ ಕೆಳಗಿನ ಮಹಡಿಯಲ್ಲಿ ಬಾತ್‌ರೂಮ್ ಇದೆಯಾ? ಇದೆ. ಬಾಗಿಲು ಎಷ್ಟು ಅಗಲ? ಮೂವತ್ತೆರಡು ಇಂಚು. ಮಲಗುವ ಕೋಣೆಯಿಂದ ಅಲ್ಲಿಗೆ ಹೋಗುವ ದಾರಿಯಲ್ಲಿ ನೆಲಕ್ಕೆ ಏನು ಹಾಕಿದೆ? ಕಾರ್ಪೆಟ್, ಅಂದೆ. ಅವಳ ಪೆನ್ನು ಅಲ್ಲಿಗೆ ನಿಂತಿತು. ದಪ್ಪ ಕಾರ್ಪೆಟ್ಟಾ ಅಂತ ಕೇಳಿದಳು. ಕಾಲಿಟ್ಟರೆ ಹೂತುಹೋಗುವಷ್ಟು ದಪ್ಪ, ಮನೆ ತಗೊಂಡಾಗ ನಾವೇ ಆಸೆಪಟ್ಟು ಹಾಕಿಸಿದ್ದು ಅಂತೆಲ್ಲ ಹೇಳಲಿಲ್ಲ. ಬರೀ ಹೌದು ಅಂದೆ.

ಪಕ್ಕದ ಹಾಸಿಗೆಯಲ್ಲಿ ನನ್ನ ಗಂಡ ಗೋಡೆ ನೋಡುತ್ತಾ ಮಲಗಿದ್ದರು. ಸಕ್ಕರೆ ಕಾಯಿಲೆಯವರು. ಕಿರುಬೆರಳಿನ ಒಂದು ಹುಣ್ಣಿನಿಂದ ಶುರುವಾಗಿದ್ದು ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆಯುವ ತನಕ ಬಂದಿತ್ತು. ಆಪರೇಷನ್ ಆಗಿ ಐದು ವಾರ. ಕೃತಕ ಕಾಲು ಹಾಕೋಕೆ ಗಾಯ ಪೂರ್ತಿ ಮಾಗಬೇಕು, ಅದಕ್ಕೆ ತಿಂಗಳುಗಳೇ ಹಿಡಿಯಬಹುದು, ಅಲ್ಲಿಯ ತನಕ ವೀಲ್‌ಚೇರ್.

ಆ ಹೆಂಗಸು ಕೆಟ್ಟವಳೇನಲ್ಲ. ನಿಧಾನವಾಗಿ ಬಿಡಿಸಿ ಹೇಳಿದಳು. ದಪ್ಪ ಕಾರ್ಪೆಟ್ ಮೇಲೆ ಚೇರಿನ ಮುಂದಿನ ಪುಟ್ಟ ಚಕ್ರಗಳು ಸಿಕ್ಕಿಕೊಳ್ಳುತ್ತವೆ, ಬಿದ್ದರೆ ಗಾಯ ಬಿಚ್ಚಿಕೊಳ್ಳುತ್ತೆ. ಮುಂದಿನ ವಾರ ಬಿಟ್ಟು ಅದರಾಚೆ ಗುರುವಾರ ಡಿಸ್ಚಾರ್ಜ್. ಅಷ್ಟರಲ್ಲಿ ಪ್ಯಾಸೇಜು, ಬಾತ್‌ರೂಮು ಎರಡಕ್ಕೂ ಗಟ್ಟಿ ನೆಲ ಆಗಬೇಕು. ಆಗದಿದ್ದರೆ ಮನೆ ರೆಡಿ ಆಗುವ ತನಕ ನರ್ಸಿಂಗ್ ಹೋಮ್‌ಗೆ ಕಳಿಸುತ್ತಾರೆ, ಅಷ್ಟೇ.

ಅವಳು ಹೋದ ಮೇಲೆ ಇವರು ಗೋಡೆ ಕಡೆಗೇ ಮುಖ ಇಟ್ಟುಕೊಂಡು, "ಅಲ್ಲಿಗೆ ಹೋದೋರು ವಾಪಸ್ ಬರಲ್ಲ ಕಣೇ," ಅಂದರು.

ನಾನು ಏನಾದರೂ ಸಮಾಧಾನ ಹೇಳಬೇಕಿತ್ತು. ನೀರು ಬೇಕಾ ಅಂತ ಕೇಳಿದೆ.

ಮಾರನೇ ದಿನ ಬೆಳಿಗ್ಗೆಯಿಂದ ಟೈಲ್ಸ್ ಹಾಕುವವರಿಗೆ ಫೋನ್ ಮಾಡಿದೆ. ಒಬ್ಬ ಆರು ವಾರ ಅಂದ, ಒಬ್ಬ ಏಪ್ರಿಲ್ ಅಂದ, ಇನ್ನೊಬ್ಬ ಇಷ್ಟು ಚಿಕ್ಕ ಕೆಲಸಕ್ಕೆ ನಮ್ಮ ಅರೋರಾ ತನಕ ಬರಲ್ಲ ಅಂದ. ಮಧ್ಯಾಹ್ನ ರಿಹ್ಯಾಬ್‌ಗೆ ಹೋಗಿ ಹೇಳಿದರೆ, ಇವರು ಐದು ವಾರದಲ್ಲಿ ಮೊದಲ ಸಲ ಯಾರೂ ಹೇಳದೆ ತಾವೇ ದಿಂಬಿಗೆ ಒರಗಿ ಎದ್ದು ಕೂತರು.

"ಗರಾಜಿನಲ್ಲಿ ಟೈಲ್ಸ್ ಇದೆಯಲ್ಲ."

ಇದೆ. ಮೂರು ವರ್ಷದಿಂದ ಇದೆ. ಒಂದಡಿ ಚೌಕದ ಸಿರಾಮಿಕ್ ಟೈಲ್ಸ್, ತಿಳಿ ಬೂದು ಬಣ್ಣ, ಹನ್ನೆರಡು ಬಾಕ್ಸ್. ಮುಂದಿನ ಲಾಂಗ್ ವೀಕೆಂಡ್‌ಗೆ ನಾನೇ ಹಾಕ್ತೀನಿ ಅಂತ ತಂದಿಟ್ಟವರು. ಎಷ್ಟು ಲಾಂಗ್ ವೀಕೆಂಡ್ ಬಂದು ಹೋದವೋ ಆ ದೇವರಿಗೇ ಗೊತ್ತು.

"ಯಾರು ಹಾಕೋದು ರೀ?"

"ನೀನೇ. ನಾನು ಹೇಳ್ತೀನಿ, ನೀನು ಮಾಡು."

ಇಪ್ಪತ್ತೊಂಬತ್ತು ವರ್ಷದ ನಮ್ಮ ಸಂಸಾರ ಪೂರ್ತಿ ಆ ಎರಡು ಮಾತಿನಲ್ಲೇ ಇದೆ. ಡಿಶ್‌ವಾಷರಿನಲ್ಲಿ ತಟ್ಟೆ ಹೇಗೆ ನಿಲ್ಲಿಸಬೇಕು, ಕಾರು ಹೇಗೆ ರಿವರ್ಸ್ ತೆಗೀಬೇಕು, ಹುರುಳಿಕಾಯಿ ಎಷ್ಟುದ್ದ ಹೆಚ್ಚಬೇಕು, ಎಲ್ಲಕ್ಕೂ ಅವರದೊಂದು ಪದ್ಧತಿ. ಎಲ್ಲಕ್ಕೂ ನನ್ನದೊಂದು ಎದುರು ಮಾತು. ನಾನೇನು ಗಂಡ ಹೇಳಿದ್ದಕ್ಕೆಲ್ಲ ತಲೆಯಾಡಿಸೋ ಪೈಕಿ ಅಲ್ಲ. ಇಂಡಿಯನ್ ಅಂಗಡಿಗಳಿರುವ ಡೆವನ್ ಅವೆನ್ಯೂದಲ್ಲಿ ಸರಿಯಾಗಿ ಪಾರ್ಕ್ ಮಾಡಿಲ್ಲ ಅಂತ ಶುರುವಾದ ಜಗಳ ಅರೋರಾ ಎಕ್ಸಿಟ್ ಬರುವ ತನಕ ನಡೆದದ್ದುಂಟು. ಆದರೆ ಅವತ್ತು ಅವರು ಪೇಪರ್ ನ್ಯಾಪ್ಕಿನ್ ಮೇಲೆ ಪ್ಯಾಸೇಜಿನ ನಕ್ಷೆ ಬರೆಯೋಕೆ ಶುರು ಮಾಡಿದ್ದು ನೋಡಿ, ಆಯ್ತು ಅಂದುಬಿಟ್ಟೆ. ಆಸ್ಪತ್ರೆ ಲ್ಯಾಬಿನಲ್ಲಿ ನನ್ನ ಕೆಲಸ. ರಜ ಹಾಕಿದೆ.

ಕಾರ್ಪೆಟ್ ಕೀಳೋದು ಸುಲಭ ಅಂದುಕೊಂಡಿದ್ದೆ. ಚಾಕುವಿನಿಂದ ಎರಡಡಿ ಅಗಲಕ್ಕೆ ಸೀಳಿ ಸುತ್ತಿದರೆ ಕಾರ್ಪೆಟ್ಟೇನೋ ಬರುತ್ತೆ. ಅದರ ಕೆಳಗಿನ ಸ್ಪಂಜು ಪುಡಿಪುಡಿಯಾಗಿ ಪ್ಲೈವುಡ್‌ಗೆ ಅಂಟಿಕೊಂಡಿರುತ್ತೆ, ಅದನ್ನು ಹಿಡಿದಿಟ್ಟ ಸ್ಟೇಪಲ್ ಪಿನ್ನುಗಳು ಸಾವಿರ. ಗೋಡೆ ಗುಂಟ ಮೊಳೆಯ ಚೂಪು ಮೇಲೆ ಮಾಡಿದ ಮರದ ಪಟ್ಟಿಗಳು. ಎರಡು ದಿನ ಮಂಡಿಯೂರಿ, ಇಕ್ಕಳದಿಂದ ಒಂದೊಂದೇ ಪಿನ್ನು ಕಿತ್ತೆ. ಐವತ್ತಾರು ವರ್ಷದ ಮಂಡಿಗಳು ಸಂಜೆಯ ಹೊತ್ತಿಗೆ ಬೋಂಡದ ಹಾಗೆ ಊದಿಕೊಳ್ಳುತ್ತಿದ್ದವು. ಹೊರಗೆ ಫೆಬ್ರವರಿ, ಸೂರ್ಯ ಅನ್ನುವವನು ಇದ್ದಾನೋ ಇಲ್ಲವೋ ಗೊತ್ತಾಗದ ಆಕಾಶ, ರಸ್ತೆ ಅಂಚಿನಲ್ಲಿ ಕಪ್ಪಿಟ್ಟ ಹಿಮದ ರಾಶಿ.

ಬೆಳಿಗ್ಗೆ ಹತ್ತಕ್ಕೆ ಅವರ ಫಿಸಿಯೋಥೆರಪಿ ಮುಗಿಯುತ್ತಿತ್ತು. ಹತ್ತೂ ಐದಕ್ಕೆ ವೀಡಿಯೋ ಕಾಲ್. ಖಾಲಿ ಪೇಂಟ್ ಡಬ್ಬದ ಮೇಲೆ ಫೋನ್ ನಿಲ್ಲಿಸಿಕೊಂಡು ನಾನು ಕೆಲಸ ಮಾಡೋದು, ಅವರು ಅಲ್ಲಿಂದ ನೋಡೋದು.

"ಅಲ್ಲಿ ಕಿರ್ ಅಂತು. ಆ ಜಾಗಕ್ಕೆ ಸ್ಕ್ರೂ ಹಾಕು."

"ಹಾಕಿದೆ ರೀ."

"ಇನ್ನೊಂದು ಹಾಕು. ಪ್ಲೈವುಡ್ ಒಂದು ಕೂದಲೆಳೆ ಅಲ್ಲಾಡಿದರೂ ಮೇಲಿನ ಟೈಲ್ಸ್ ಬಿರುಕು ಬಿಡುತ್ತೆ."

ಸರಿಯಾಗೇ ಹೇಳುತ್ತಿದ್ದರು. ಕಮೋಡ್ ಬಿಚ್ಚಿ ಎತ್ತುವಾಗ ಮೊದಲು ನೀರು ಹೇಗೆ ಖಾಲಿ ಮಾಡಬೇಕು, ಪೈಪಿನ ಬಾಯಿಗೆ ಹಳೇ ಟವೆಲ್ ತುರುಕಿ ವಾಸನೆ ಹೇಗೆ ತಡೀಬೇಕು, ಎಲ್ಲವನ್ನೂ ಸರಿಯಾಗೇ ಹೇಳಿದರು. ನರ್ಸು ಬಂದು ಬಿಪಿ ನೋಡುತ್ತೀನಿ ಅಂದರೆ ಐದು ನಿಮಿಷ ಕಾಯಿ ಅನ್ನುತ್ತಿದ್ದರು. ತಟ್ಟೆ ಹಾಗೇ ವಾಪಸ್ ಕಳಿಸುತ್ತಿದ್ದವರು ಊಟ ಮಾಡೋಕೆ ಶುರು ಮಾಡಿದರು. ಇಂಥದ್ದನ್ನೆಲ್ಲ ಕಣ್ಣಾರೆ ನೋಡುತ್ತಾ ಇದ್ದೆ.

ಶನಿವಾರ ಮಗಳು ಬಂದಳು. ಅವಳ ಕೆಲಸ ಡೆಟ್ರಾಯಿಟ್ ಹತ್ತಿರ ನೋವೈನಲ್ಲಿ. ಐದು ಗಂಟೆ ಡ್ರೈವ್ ಮಾಡಿಕೊಂಡು ಬಂದವಳು ಬಾಗಿಲಲ್ಲೇ ನಿಂತು, "ಅಮ್ಮಾ, ದಿಸ್ ಈಸ್ ಇನ್‌ಸೇನ್," ಅಂದಳು. ಆಮೇಲೆ ಕೋಟು ತೆಗೆದಿಟ್ಟು ತೋಳು ಮಡಚಿದಳು. ಇಬ್ಬರೂ ಸೇರಿ ಪ್ಲೈವುಡ್ ಮೇಲೆ ಸಿಮೆಂಟ್ ಹಲಗೆಗಳನ್ನು ಹಾಸಿದೆವು. ಕೆಳಗೆ ತೆಳ್ಳಗೆ ಗಾರೆ ಬಳಿದು, ಮೇಲೆ ಹಲಗೆ ಇಟ್ಟು, ಎಂಟೆಂಟು ಇಂಚಿಗೆ ಒಂದು ಸ್ಕ್ರೂ. ಸಂದುಗಳಿಗೆ ಬಲೆಯಂಥ ಟೇಪು. ಭಾನುವಾರ ಮಧ್ಯಾಹ್ನ ಅವಳು ಹೊರಡುವಾಗ, ಸ್ವಲ್ಪ ಹೊತ್ತು ಇಬ್ಬರೂ ಆ ಬೂದು ಹಲಗೆಗಳ ಮೇಲೆ ಕೂತು ಮೊಸರನ್ನ ತಿಂದೆವು.

ಸೋಮವಾರ ಗೀಟು ಹಾಕುವ ಕೆಲಸ. ಪ್ಯಾಸೇಜಿನ ನಡುಮಧ್ಯೆ ಒಂದು ಉದ್ದ ಗೆರೆ, ಅದಕ್ಕೆ ಅಡ್ಡವಾಗಿ ಬಾತ್‌ರೂಮಿನ ಬಾಗಿಲಲ್ಲಿ ಒಂದು. ಒಣ ಟೈಲ್ಸ್ ಜೋಡಿಸಿ ನೋಡಿದೆ. ಅವರ ನ್ಯಾಪ್ಕಿನ್ ಲೆಕ್ಕದ ಪ್ರಕಾರ ನೂರಾ ಹದಿನೈದು ಬೇಕಿತ್ತು, ಇದ್ದದ್ದು ನೂರಾ ಇಪ್ಪತ್ತು. ಥಿನ್‌ಸೆಟ್ ಅಂತ ಕರೆಯುವ ಟೈಲ್ಸ್ ಅಂಟಿಸುವ ಗಾರೆಯ ಚೀಲ ಮುಂದೆ ಇಟ್ಟುಕೊಂಡು, ಕನ್ನಡಕ ಹಾಕಿ ಓದಿದೆ. ಲ್ಯಾಬಿನಲ್ಲಿ ಕಿಟ್ ಜೊತೆ ಬಂದ ಕಾಗದ ಓದದೆ ನಾನು ಒಂದು ಟ್ಯೂಬ್ ಮುಟ್ಟಿದವಳಲ್ಲ. ಮೂವತ್ತು ವರ್ಷದ ಅಭ್ಯಾಸ. ಎಷ್ಟು ನೀರು, ಎಷ್ಟು ಹೊತ್ತು ಕಲಸಬೇಕು, ಕಲಸಿ ಹತ್ತು ನಿಮಿಷ ಬಿಟ್ಟು ಮತ್ತೆ ಕಲಸಬೇಕು. ಅದರ ಕೆಳಗಿನ ಸಾಲಿನಲ್ಲಿತ್ತು: ಟೈಲ್ಸ್ ಹಿಂಬದಿ ಶುದ್ಧವಾಗಿ ಒಣಗಿರಬೇಕು, ನೀರಿನಲ್ಲಿ ನೆನೆಸಬೇಡಿ.

ಹತ್ತೂ ಐದಕ್ಕೆ ಫೋನ್ ಬಂತು.

"ಟೈಲ್ಸ್ ನೆನೆ ಹಾಕಿದ್ಯಾ?"

"ನೆನೆ ಹಾಕೋದಾ? ಯಾಕೆ?"

"ಯಾಕೆ ಅಂತೆ! ಒಣ ಟೈಲ್ಸ್ ಗಾರೆಯಲ್ಲಿರೋ ನೀರೆಲ್ಲ ಕುಡಿದುಬಿಡುತ್ತೆ ಕಣೇ. ಗಾರೆ ಸತ್ತುಹೋಗುತ್ತೆ. ಮೇಲಿನ ಬಾತ್‌ರೂಮಿನ ಟಬ್‌ನಲ್ಲಿ ನೀರು ತುಂಬು, ಎಲ್ಲಾ ಮುಳುಗಿಸು. ಸೊರ್ ಅಂತ ಗುಳ್ಳೆ ಬರುತ್ತೆ. ಗುಳ್ಳೆ ನಿಂತ ಮೇಲೇ ತೆಗೀಬೇಕು."

ಮೈಸೂರಿನಲ್ಲಿ ಅವರಪ್ಪ ಮನೆ ಕಟ್ಟಿಸುವಾಗ ಇವರು ಹೈಸ್ಕೂಲಿನಲ್ಲಿದ್ದರಂತೆ. ಬೆಳಿಗ್ಗೆ ಸ್ಕೂಲಿಗೆ ಹೋಗುವ ಮುಂಚೆ ತೊಟ್ಟಿಯಲ್ಲಿ ಟೈಲ್ಸ್ ಮುಳುಗಿಸೋದು, ಸಂಜೆ ಬಂದು ಎತ್ತಿ ಗೋಡೆಗೆ ಒರಗಿಸೋದು ಇವರ ಪಾಲಿನ ಕೆಲಸ. ಗಾರೆ ಮೇಸ್ತ್ರಿ ಇವರ ಬೆನ್ನು ತಟ್ಟಿ, ಬುದ್ಧಿ, ನಿಮ್ಮಿಂದಲೇ ನೆಲ ನಿಂತಿರೋದು ಅಂದನಂತೆ. "ನಲವತ್ತೈದು ವರ್ಷ ಆಯ್ತು. ಇವತ್ತಿಗೂ ಒಂದು ಟೈಲ್ಸ್ ಅಲ್ಲಾಡಿಲ್ಲ," ಅಂದರು. ಹೇಳುತ್ತಾ ಹೇಳುತ್ತಾ ನಕ್ಕರು. ನಗು ಅಂದರೆ ನಗುವೇ, ಹಲ್ಲು ಕಾಣುವ ಹಾಗೆ.

"ರೀ, ಚೀಲದ ಮೇಲೆ..." ಅಂದೆ.

"ಚೀಲದ ಮೇಲೆ ಏನು?"

ಆ ಮುಖ ನೋಡಿಕೊಂಡು ಹೇಳೋಕಾಗಲಿಲ್ಲ. "ಏನಿಲ್ಲ. ಎಷ್ಟು ನೀರು ಹಾಕಬೇಕು ಅಂತ ಬರೆದಿದೆ," ಅಂದೆ.

ಮೇಲಿನ ಟಬ್ ತುಂಬಿಸಿ ಟೈಲ್ಸ್ ಮುಳುಗಿಸಿದೆ. ಅವರು ಹೇಳಿದ ಹಾಗೇ ಸೊರ್ ಅಂತ ಗುಳ್ಳೆ ಬಂದವು. ಟಬ್ ಅಂಚಿನಲ್ಲಿ ಕೂತು ನೋಡುತ್ತಾ, ಇಷ್ಟಕ್ಕೇನಾಗುತ್ತೆ, ಊರಲ್ಲಿ ಎಲ್ಲರೂ ನೆನೆಸಿಯೇ ಹಾಕ್ತಾರಲ್ಲ, ಅಂತ ನನಗೆ ನಾನೇ ಹೇಳಿಕೊಂಡೆ. ಊರಲ್ಲಿ ಹಾಕೋದು ಬರೀ ಮರಳು ಸಿಮೆಂಟಿನ ಎರಡಿಂಚು ದಪ್ಪದ ಗಾರೆ, ಇಲ್ಲಿಯದು ಅಂಟು ಬೆರೆಸಿದ ಕಾಲಿಂಚು ಗಾರೆ, ಎರಡೂ ಬೇರೆ ಅಂತ ಯೋಚಿಸುವಷ್ಟು ಬುದ್ಧಿ ನನಗಿತ್ತು. ಯೋಚಿಸಲಿಲ್ಲ.

ಮಂಗಳವಾರ, ಬುಧವಾರ ಎರಡು ದಿನ ಹಾಕಿದೆ. ಗಾರೆ ಇಡ್ಲಿ ಹಿಟ್ಟಿಗಿಂತ ಗಟ್ಟಿ, ಚಪಾತಿ ಹಿಟ್ಟಿಗಿಂತ ಸಡಿಲ ಇರಬೇಕು. ಹಲ್ಲಿರುವ ಕರಣೆಯಿಂದ ಎಳೆದರೆ ಬಾಚಿದ ತಲೆಯ ಹಾಗೆ ಸಾಲು ಸಾಲು ಬೀಳಬೇಕು, ಸಾಲು ಕುಸಿಯಬಾರದು. ಅದರ ಮೇಲೆ ಟೈಲ್ಸ್ ಇಟ್ಟು, ಸ್ವಲ್ಪ ಹಿಂದೆ ಮುಂದೆ ಆಡಿಸಿ ಒತ್ತಬೇಕು. ನಡುವೆ ಪ್ಲಾಸ್ಟಿಕ್ಕಿನ ಪ್ಲಸ್ ತುಂಡುಗಳು. ಪ್ರತಿ ನಾಲ್ಕಕ್ಕೊಮ್ಮೆ ರಸಮಟ್ಟ ಇಟ್ಟು ನೋಡಬೇಕು. ಗೋಡೆ ಪಕ್ಕದ ತುಂಡುಗಳನ್ನು ಬಾಡಿಗೆಗೆ ತಂದ ಕಟ್ಟರಿನಲ್ಲಿ ಗೀರಿ ಮುರಿಯೋದು. ಅವರು ಫೋನಿನಲ್ಲಿ, "ಎಡಕ್ಕೆ ಸ್ವಲ್ಪ, ಎಡಕ್ಕೆ. ನಿನ್ನೆಡ ಅಲ್ಲ ಮಾರಾಯ್ತಿ, ನನ್ನೆಡ!" ಅಂತ ಕೂಗೋರು. ನಾನು, "ನೀವೇ ಬಂದು ಹಾಕಿ ಹಂಗಾದ್ರೆ!" ಅಂತ ಕೂಗಿದೆ. ಕೂಗಿದ ಮೇಲೆ ಏನಂದೆ ಅಂತ ಹೊಳೆಯಿತು. ಅವರು ಮಾತ್ರ ಬೇಜಾರು ಮಾಡಿಕೊಳ್ಳದೆ, "ಬರ್ತೀನಿ ಇರು, ಮುಂದಿನ ಗುರುವಾರ," ಅಂದರು. ಆ ಎರಡು ದಿನ ನಾನು ಸುಖವಾಗಿದ್ದೆ ಅಂತ ಹೇಳಿದರೆ ಯಾರೂ ನಂಬಲಿಕ್ಕಿಲ್ಲ.

ಒಂದು ದಿನ ಬಿಟ್ಟು ಶುಕ್ರವಾರ ಬೆಳಿಗ್ಗೆ ಟೈಲ್ಸ್ ಸಂದುಗಳಿಗೆ ಗ್ರೌಟ್ ತುಂಬಬೇಕು ಅಂತ ಪ್ಯಾಸೇಜಿಗೆ ಕಾಲಿಟ್ಟೆ. ಮೂರನೇ ಟೈಲ್ಸ್ ಮೇಲೆ ಹೆಜ್ಜೆ ಇಟ್ಟಾಗ ಅದು ಕಾಲ ಕೆಳಗೆ ಸಣ್ಣಗೆ ಮಿಸುಕಿತು. ಬಗ್ಗಿ ಬೆರಳ ಗೆಣ್ಣಿನಿಂದ ಬಡಿದೆ. ಡಬ್ ಡಬ್ ಅಂತು. ಪಕ್ಕದ್ದು ಬಡಿದೆ, ಅದೂ ಡಬ್ ಡಬ್. ಬಾತ್‌ರೂಮಿನ ತನಕ ಮಂಡಿಯ ಮೇಲೆ ಹೋಗುತ್ತಾ ಬಡಿದೆ. ಹತ್ತರಲ್ಲಿ ಎಂಟು ಪೊಳ್ಳು. ಚಪ್ಪಟೆ ಉಳಿ ತೂರಿಸಿ ಒಂದನ್ನು ಎತ್ತಿದರೆ, ಒಗ್ಗರಣೆ ಡಬ್ಬದ ಮುಚ್ಚಳದ ಹಾಗೆ ಸಲೀಸಾಗಿ ಎದ್ದು ಬಂತು. ಗಾರೆಯ ಸಾಲುಗಳು ಹಲಗೆಯ ಮೇಲೆ ಹಾಗೇ ಗಟ್ಟಿಯಾಗಿ ನಿಂತಿದ್ದವು. ಟೈಲ್ಸ್ ಹಿಂಬದಿ ನುಣ್ಣಗೆ, ಅಂಗಡಿಯಿಂದ ತಂದ ದಿನದ ಹಾಗಿತ್ತು. ತಲೆ ಮೇಲೆ ಕೈ ಹೊತ್ತು ಅಲ್ಲೇ ಕೂತೆ.

ಆದರೂ ಹುಚ್ಚು ಆಸೆ, ಬೇರೆ ಏನೋ ಕಾರಣ ಇರಬಹುದು ಅಂತ. ಎತ್ತಿದ ಟೈಲ್ಸ್ ಒಂದನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಟೈಲ್ಸ್ ಅಂಗಡಿಗೆ ಹೋದೆ. ಕೌಂಟರಿನ ಹಿಂದಿದ್ದ ವಯಸ್ಸಾದವನು ಅದನ್ನು ತಿರುಗಿಸಿ ಹೆಬ್ಬೆರಳಿನಿಂದ ಉಜ್ಜಿ ನೋಡಿದ. ಇದನ್ನು ನೀರಿನಲ್ಲಿ ನೆನೆಸಿದಿರಾ ಅಂತ ಕೇಳಿದ. ಹೌದು ಅಂದೆ. ಹಿಂದೆ ನೀರಿನ ಪದರ ಇದ್ದರೆ ಗಾರೆ ಹಿಡಿಯಲ್ಲ, ಚೀಲದ ಮೇಲೆ ಬರೆದಿದೆಯಲ್ಲ, ಓದಲಿಲ್ಲವಾ ಅಂದ. ಓದಿದೆ ಅಂದೆ. ಅವನು ಒಮ್ಮೆ ನನ್ನ ಮುಖ ನೋಡಿದ. ಇದರ ಮೇಲೆ ಗ್ರೌಟ್ ತುಂಬಿದರೆ ನಡೆಯುತ್ತಾ ಅಂತ ಕೇಳಿದ್ದಕ್ಕೆ ತಲೆ ಅಲ್ಲಾಡಿಸಿದ. ವೀಲ್‌ಚೇರಿನ ಭಾರ ಬಿದ್ದರೆ ವಾರದಲ್ಲಿ ಒಡೆಯುತ್ತವೆ. ಪೂರ್ತಿ ತೆಗೆಯಿರಿ, ಹಲಗೆ ಮೇಲಿನ ಹಳೇ ಗಾರೆ ಹೆರೆಯಿರಿ, ಟೈಲ್ಸ್ ಚೆನ್ನಾಗಿ ಒಣಗಿಸಿ ಮತ್ತೆ ಹಾಕಿ. ಬೇರೆ ದಾರಿ ಇಲ್ಲ.

ಡಿಸ್ಚಾರ್ಜ್‌ಗೆ ಉಳಿದದ್ದು ಆರು ದಿನ. ಕಾರಿನಲ್ಲಿ ಕೂತು ಮಗಳಿಗೆ ಫೋನ್ ಮಾಡಿದೆ. "ಅಪ್ಪಂಗೆ ಹೇಳ್ಬೇಡ. ಜಸ್ಟ್ ಡೋಂಟ್ ಟೆಲ್ ಹಿಮ್," ಅಂದಳು. ನಾನೂ ಹಾಗೇ ಅಂದುಕೊಂಡಿದ್ದೆ. ದೇವರಾಣೆಗೂ ಹೇಳುವ ಉದ್ದೇಶ ಇರಲಿಲ್ಲ.

ಮನೆಗೆ ಬಂದು ಬಾಗಿಲು ತೆಗೆಯುವ ಹೊತ್ತಿಗೆ ಫೋನ್ ಬಂತು. ಹತ್ತೂ ಐದಕ್ಕೆ ನಾನು ಎತ್ತಿರಲಿಲ್ಲ, ಆಮೇಲೆ ಮೂರು ಸಲ ಮಾಡಿದ್ದರು.

"ಎಲ್ಲೇ ಹೋಗಿದ್ದೆ? ಬಡಿದು ನೋಡಿದ್ಯಾ?"

"ನೋಡಿದೆ."

"ಫೋನ್ ನೆಲದ ಹತ್ರ ಇಡು. ಬಡಿ. ನಾನು ಕೇಳ್ಬೇಕು."

ಗಟ್ಟಿ ಕೂತಿದ್ದು ಅಲ್ಲೊಂದು ಇಲ್ಲೊಂದು ಇದ್ದವು, ಅವನ್ನೇ ಹುಡುಕಿ ಬಡಿದೆ. ಪಕ್ಕದ್ದು ಬಡಿ ಅಂದರು. ಬಡಿದೆ.

"ಪೊಳ್ಳು. ನೀನು ಸರಿಯಾಗಿ ನೆನೆಸಿಲ್ಲ. ಗುಳ್ಳೆ ನಿಲ್ಲೋ ಮುಂಚೆನೇ ತೆಗೆದಿದೀಯ. ಮೊದಲಿಂದ್ಲೂ ನಿಂಗೆ ಎಲ್ಲದಕ್ಕೂ ಅವಸರ ಕಣೇ. ಎಲ್ಲಾ ಕಿತ್ತು, ಇನ್ನೊಂದ್ಸಲ ಪೂರ್ತಿ ಒಂದು ದಿನ ನೆನೆ ಹಾಕು."

ಊದಿದ ಮಂಡಿ, ಗಾರೆ ತಿಂದು ಬಿರುಕು ಬಿಟ್ಟ ಬೆರಳು, ಒಂದು ವಾರದ ಧೂಳು, ಎಲ್ಲಾ ಒಟ್ಟಿಗೆ ನೆತ್ತಿಗೇರಿತು.

"ನೆನೆಸಿದ್ದಕ್ಕೇ ಹೀಗಾಗಿದ್ದು ರೀ! ಈ ಗಾರೆಗೆ ನೆನೆಸಬಾರದು. ಚೀಲದ ಮೇಲೆ ದೊಡ್ಡದಾಗಿ ಬರೆದಿದೆ. ನಾನು ಹಾಕೋಕೆ ಮುಂಚೆನೇ ಓದಿದ್ದೆ."

"ಓದಿದ್ದೆಯಾ?"

"ಓದಿದ್ದೆ."

"ಮತ್ತೆ ಯಾಕೆ ನೆನೆ ಹಾಕಿದೆ?"

ಮರೆತೆ ಅನ್ನಬಹುದಿತ್ತು. ಅರ್ಥ ಆಗಲಿಲ್ಲ ಅನ್ನಬಹುದಿತ್ತು. ಸುಮ್ಮನಿದ್ದರೂ ಆಗುತ್ತಿತ್ತು.

"ಬೇಡ ಅಂದ್ರೆ ನಿಮಗೆ ಬೇಜಾರಾಗುತ್ತೆ ಅಂತ. ಪಾಪ, ಮಲಗಿರೋ ಕಡೆಯಿಂದ ಏನೋ ಹೇಳ್ತಿದಾರೆ, ಹೇಳ್ಲಿ ಅಂತ."

ಪರದೆಯ ಮೇಲೆ ಅವರ ಮುಖ ಒಂದು ಕ್ಷಣ ನಿಂತುಹೋಯಿತು. ನೆಟ್‌ವರ್ಕ್ ಹೋಯಿತೇನೋ ಅಂದುಕೊಂಡೆ. ಹೋಗಿರಲಿಲ್ಲ.

"ಪಾಪ ಅಂತ," ಅಂದರು. ಜೋರಾಗಿ ಅನ್ನಲಿಲ್ಲ. ಆಮೇಲೆ, "ಸರಿ. ನಿಂಗೆ ಗೊತ್ತಿರೋ ಹಾಗೆ ಮಾಡು," ಅಂದು ಇಟ್ಟರು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತ ನಮ್ಮಮ್ಮ ದಿನಕ್ಕೆ ಹತ್ತು ಸಲ ಹೇಳುತ್ತಿದ್ದಳು. ಐದಾರು ವಾರದಿಂದ ಡಾಕ್ಟರು, ನರ್ಸು, ಥೆರಪಿಯ ಹುಡುಗಿ ಎಲ್ಲರೂ ಇವರ ಜೊತೆ ಮಗುವಿನ ಹತ್ತಿರ ಮಾತಾಡುವ ಹಾಗೆ ಮಾತಾಡುತ್ತಿದ್ದರು. ಎದ್ದು ಕೂತರೆ ಗುಡ್ ಜಾಬ್, ಒಂದು ಚಮಚ ತಿಂದರೆ ಗುಡ್ ಜಾಬ್. ಎದುರು ಮಾತಾಡುವವಳು, ಜಗಳಾಡುವವಳು ಅಂತ ಉಳಿದಿದ್ದವಳು ನಾನೊಬ್ಬಳೇ. ನಾನೂ ಆ ಗುಡ್ ಜಾಬ್‌ನವರ ಜೊತೆಗೇ ಸೇರಿಕೊಂಡಿದ್ದೆ ಅಂತ ನನ್ನ ಬಾಯಿಂದಲೇ ಇವರಿಗೆ ಗೊತ್ತಾಯಿತು.

ಅಳುತ್ತಾ ಕೂರೋಕೆ ದಿನ ಇರಲಿಲ್ಲ. ಅವರು ನೆನೆ ಹಾಕು ಅಂದಿದ್ದರು. ಹಾಕಬಾರದು ಅಂತ ತೀರ್ಮಾನ ಮಾಡಿದೆ. ಮದುವೆಯಾದ ಮೇಲೆ ಅಷ್ಟು ಸುಲಭವಾಗಿ, ಅಷ್ಟು ಬೇಜಾರಿನಿಂದ ಅವರ ಮಾತು ಮೀರಿದ್ದು ಅದೇ ಮೊದಲು.

ಎತ್ತೋದು ಕಷ್ಟವಾಗಲಿಲ್ಲ. ಹಿಡಿದಿದ್ದರೆ ತಾನೇ ಕಷ್ಟ. ನೂರಾ ಹದಿನೈದರಲ್ಲಿ ಒಡೆದದ್ದು ನಾಲ್ಕು. ಮಿಕ್ಕವನ್ನು ಒರೆಸಿ, ಬೇಸ್‌ಮೆಂಟಿನಲ್ಲಿ ಹೀಟರಿನ ಸುತ್ತ ಹಪ್ಪಳ ಒಣಗಿಸಿದ ಹಾಗೆ ಹರಡಿ, ಎರಡು ಫ್ಯಾನ್ ಹಚ್ಚಿಟ್ಟೆ. ದಿನಕ್ಕೆರಡು ಸಲ ಹೋಗಿ ಮಗುಚಿ ಹಾಕುತ್ತಿದ್ದೆ. ಕಷ್ಟ ಅಂದರೆ ಹಲಗೆ ಮೇಲಿನ ಗಾರೆ ಹೆರೆಯೋದು. ಕಲ್ಲಾಗಿತ್ತು. ಶನಿವಾರ ಮಗಳು ಮತ್ತೆ ಐದು ಗಂಟೆ ಡ್ರೈವ್ ಮಾಡಿಕೊಂಡು ಬಂದಳು. ಇಬ್ಬರೂ ಮುಖಕ್ಕೆ ಮಾಸ್ಕ್ ಹಾಕಿಕೊಂಡು, ಉಳಿ ಸುತ್ತಿಗೆ ಹಿಡಿದು ಎರಡು ದಿನ ಹೆರೆದೆವು. ಕೈ ಮರಗಟ್ಟಿ ಲೋಟ ಹಿಡಿಯೋಕೆ ಆಗುತ್ತಿರಲಿಲ್ಲ.

"ಯು ಕುಡ್ ಹ್ಯಾವ್ ಜಸ್ಟ್ ಲೈಡ್, ಅಮ್ಮಾ," ಅಂದಳು ಮಗಳು.

"ಸುಳ್ಳು ಹೇಳಿದ್ದೆನಲ್ಲ. ಅದರಿಂದಲೇ ಇಷ್ಟೆಲ್ಲ ಆಗಿದ್ದು," ಅಂದೆ. ಅವಳು ಮತ್ತೆ ಉಳಿ ಕೈಗೆತ್ತಿಕೊಂಡಳು.

ಸೋಮವಾರ ಪ್ಯಾಸೇಜು, ಮಂಗಳವಾರ ಬಾತ್‌ರೂಮು. ಒಣ ಟೈಲ್ಸ್. ಗಾರೆ ಕಚ್ಚಿಕೊಳ್ಳುವುದು ಕೈಗೇ ಗೊತ್ತಾಗುತ್ತಿತ್ತು. ಒತ್ತಿದ ಮೇಲೆ ಎಳೆದರೂ ಬಿಡುತ್ತಿರಲಿಲ್ಲ. ಅನುಮಾನಕ್ಕೆ ಒಂದನ್ನು ಎತ್ತಿ ನೋಡಿದೆ, ಹಿಂಬದಿ ಪೂರ್ತಿ ಗಾರೆ ಹಿಡಿದಿತ್ತು. ಫೋನನ್ನು ಪೇಂಟ್ ಡಬ್ಬದ ಮೇಲೆ ನಿಲ್ಲಿಸಿಕೊಂಡೇ ಕೂತಿದ್ದೆ. ಹತ್ತೂ ಐದು ಆಯಿತು, ಹತ್ತೂವರೆ ಆಯಿತು. ಮಂಗಳವಾರ ಸಂಜೆ ನಾನೇ ಫೋನ್ ಮಾಡಿದೆ. ಊಟ ಆಯ್ತಾ ಅಂದರು, ಹೊರಗೆ ಐಸ್ ಇದೆಯಂತೆ ನಿಧಾನವಾಗಿ ಓಡಾಡು ಅಂದರು. ನೆಲದ ಮಾತು ಎತ್ತಲಿಲ್ಲ.

"ಇವತ್ತು ಬಾತ್‌ರೂಮ್ ಮುಗೀತು ರೀ."

"ಹೌದಾ. ಒಳ್ಳೇದಾಯ್ತು."

"ಗ್ರೌಟ್ ಯಾವ ಬಣ್ಣ ಹಾಕ್ಲಿ? ಬಿಳಿಯೋ, ಬೂದು ಬಣ್ಣವೋ?"

"ಯಾವುದಾದ್ರೂ ಹಾಕು. ಎರಡೂ ಚೆನ್ನಾಗಿರುತ್ತೆ."

ಅಡುಗೆಮನೆ ಗೋಡೆಗೆ ಪೇಂಟ್ ತರುವಾಗ ಹದಿನಾಲ್ಕು ಬಿಳಿಗಳ ಮಧ್ಯೆ ಒಂದು ಬಿಳಿ ಆರಿಸೋ ತನಕ ನನ್ನನ್ನು ಅಂಗಡಿಯಲ್ಲಿ ಒಂದೂವರೆ ಗಂಟೆ ನಿಲ್ಲಿಸಿದ್ದ ಮನುಷ್ಯ ಇವರು. ಬೂದು ಬಣ್ಣ ತಂದು ಬುಧವಾರ ಬೆಳಿಗ್ಗೆ ಗ್ರೌಟ್ ತುಂಬಿದೆ. ಸಂಜೆ ಕಮೋಡ್ ವಾಪಸ್ ಕೂರಿಸಿದೆ.

ಗುರುವಾರ ವ್ಯಾನಿನಲ್ಲಿ ಬಂದರು. ಬಾಗಿಲಿನಿಂದ ಚೇರು ಒಳಗೆ ಬಂತು, ಟೈಲ್ಸ್ ಮೇಲೆ ಹತ್ತಿತು, ಒಂದು ಸದ್ದಿಲ್ಲದೆ ಹರಿದುಕೊಂಡು ಹೋಯಿತು. ಯಾರೂ ತಳ್ಳಲಿಲ್ಲ. ಅವರೇ ಚಕ್ರ ತಿರುಗಿಸಿಕೊಂಡು ಪ್ಯಾಸೇಜು ದಾಟಿ ಬಾತ್‌ರೂಮಿಗೆ ಹೋಗಿ ತಿರುಗಿಸಿಕೊಂಡು ವಾಪಸ್ ಬಂದರು. ನಾನು ಗೋಡೆಗೆ ಒರಗಿ ನಿಂತಿದ್ದೆ. ಬಗ್ಗಿ ಬಡಿದು ನೋಡುತ್ತಾರೇನೋ ಅಂತ ಕಾದೆ. "ಚೆನ್ನಾಗಾಗಿದೆ," ಅಂದರು. ಮಲಗುವ ಕೋಣೆಗೆ ಹೋದರು. ಮನೆಗೆ ಬಂದರಲ್ಲ, ನರ್ಸಿಂಗ್ ಹೋಮ್ ತಪ್ಪಿತಲ್ಲ, ಇನ್ನೇನು ಬೇಕು ನಿನಗೆ ಅಂತ ನನ್ನನ್ನೇ ಕೇಳಿಕೊಂಡೆ.

ಆ ಭಾನುವಾರ ಬಾಲಾಜಿ ದೇವಸ್ಥಾನದಿಂದ ಹಾಗೇ ನಾಲ್ಕು ಜನ ಸ್ನೇಹಿತರು ನೋಡಲು ಬಂದರು. ನೆಲ ನೋಡಿ ಎಲ್ಲರೂ ಬಾಯಿ ಬಿಟ್ಟರು. "ಅಂಕಲ್, ಡೈರೆಕ್ಷನ್ ನಿಮ್ದೇ ಇರ್ಬೇಕು," ಅಂತ ಒಬ್ಬ ಹುಡುಗಿ ತಮಾಷೆ ಮಾಡಿದಳು. "ಇಲ್ಲಮ್ಮ, ಎಲ್ಲಾ ನಿಮ್ಮ ಆಂಟಿದೇ. ನನ್ನದೇನೂ ಇಲ್ಲ," ಅಂದರು ಇವರು. ವಿನಯ ಅಂದುಕೊಂಡು ಎಲ್ಲರೂ ನಕ್ಕರು. ನಾನು ಕಾಫಿ ತರುವ ನೆಪದಲ್ಲಿ ಒಳಗೆ ಹೋಗಿ ಸಿಂಕಿನ ನಲ್ಲಿ ಜೋರಾಗಿ ಬಿಟ್ಟುಕೊಂಡು ಅತ್ತೆ.

ಎರಡು ತಿಂಗಳಾಯಿತು. ಅವರು ಯಾವುದಕ್ಕೂ ತಕರಾರು ಮಾಡುವುದಿಲ್ಲ. ಡಿಶ್‌ವಾಷರಿನಲ್ಲಿ ತಟ್ಟೆಗಳನ್ನು ಹೇಗೆ ಬೇಕಾದರೂ ತುರುಕುತ್ತೇನೆ. ಸಾರಿಗೆ ಉಪ್ಪು ಹಾಕುವುದು ಮರೆತ ದಿನ ಸುಮ್ಮನೆ ಉಂಡರು. ಒಂದು ಸಲ ಕ್ಷಮೆ ಕೇಳಿದೆ. "ಅದರಲ್ಲೇನಿದೆ ಬಿಡೇ, ನೀನು ಒಳ್ಳೇದಕ್ಕೇ ಮಾಡಿದ್ದು," ಅಂದರು. ಅಲ್ಲಿಗೆ ಆ ಮಾತು ಮುಗಿಯಿತು. ಬಂದವರೆಲ್ಲ ಎಷ್ಟು ಶಾಂತವಾಗಿದಾರೆ ಅಂತಾರೆ. ನನಗೆ ಮನೆಯಲ್ಲಿ ಯಾರೋ ಸತ್ತ ಹಾಗಿದೆ.

ಕಳೆದ ವಾರ ವಾಷಿಂಗ್ ಮೆಷಿನ್ ಮುಂದಿನ ಮೂಲೆಗೆ ಒಂದು ಬಾಕ್ಸ್ ಹೊಸ ಟೈಲ್ಸ್ ತಂದು ಹಾಕೋಕೆ ಕೂತೆ. ವೀಲ್‌ಚೇರ್ ಓಡಾಡುವ ಜಾಗವಲ್ಲ. ಎಂಟು ಟೈಲ್ಸ್ ನೆಟ್ಟಗೆ ಹಾಕಿದೆ. ಒಂಬತ್ತನೆಯದನ್ನು ಬೇಕಂತಲೇ ಸೊಟ್ಟ ಇಟ್ಟೆ. ಸಣ್ಣ ಸೊಟ್ಟ ಅಲ್ಲ, ಕುರುಡರಿಗೂ ಕಾಣುವಂಥದ್ದು. ಒಂದು ಮೂಲೆ ಕಾಲಿಂಚು ಎದ್ದು ನಿಂತಿತ್ತು.

"ರೀ, ಒಂದು ನಿಮಿಷ ಬಂದು ನೋಡ್ತೀರಾ?"

ಚೇರು ಬಂದು ಬಾಗಿಲಲ್ಲಿ ನಿಂತಿತು. ಅವರ ಕಣ್ಣು ನೆಟ್ಟಗೆ ಆ ಒಂಬತ್ತನೇ ಟೈಲ್ಸ್ ಮೇಲೆ ಹೋಯಿತು, ಅಲ್ಲೇ ನಿಂತಿತು. ಕೈ ಚೇರಿನ ಹಿಡಿಯಿಂದ ಅರ್ಧ ಎದ್ದಿತು. ಬೈಯಿರಿ, ಅಂತ ಮನಸ್ಸಿನಲ್ಲೇ ಅಂದೆ. ಒಂದೇ ಒಂದು ಸಲ ಬೈಯಿರಿ.

ಕೈ ಕೆಳಗೆ ಇಳಿಯಿತು. ನನ್ನ ಮುಖ ನೋಡಿದರು, ನನ್ನ ಊದಿದ ಮಂಡಿ ನೋಡಿದರು.

"ಚೆನ್ನಾಗಿ ಕೂತಿದೆ ಕಣೇ," ಅಂದು ಚೇರು ತಿರುಗಿಸಿಕೊಂಡು ಹೋದರು.

ಗಾರೆ ಇನ್ನೂ ಹಸಿ ಇತ್ತು. ಸರಿ ಮಾಡೋಕೆ ಹತ್ತು ಹದಿನೈದು ನಿಮಿಷ ಸಮಯ ಇರುತ್ತೆ. ಕರಣೆ ಹಿಡಿದುಕೊಂಡು ಅಷ್ಟು ಹೊತ್ತೂ ಅವರು ವಾಪಸ್ ಬರಬಹುದು ಅಂತ ಕಾದೆ. ಆಮೇಲೆ ನಾನೇ ಎತ್ತಿ ನೆಟ್ಟಗೆ ಕೂರಿಸಿದೆ.